ಬಾಡಿಗೆಯ ಮನೆಯ ಹೊಸ್ತಿಲಿನಲ್ಲಿ

ಹುಟ್ಟಿದ ಮನೆಯನ್ನು ಯಾರೂ ಆರಿಸಿಕೊಂಡು ಬರುವುದಿಲ್ಲ. ತಂದೆತಾಯಿಗಳ ಮನೆ ನಮಗೆ ತಾನಾಗಿ ದೊರೆತದ್ದು. ವಿದ್ಯಾಭ್ಯಾಸಕ್ಕಾಗಿ ಸೇರಿದ ಪ್ರಸಾದನಿಲಯ ಹಿರಿಯರು ನಮಗಾಗಿ ಗೊತ್ತುಮಾಡಿದ್ದು. ಓದು ಮುಗಿಸಿ, ಉದ್ಯೋಗದ ಆದೇಶಪತ್ರವನ್ನು ಕೈಯಲ್ಲಿ ಹಿಡಿದು ಬೆಂಗಳೂರಿನಂತಹ ನಗರಕ್ಕೆ ಹೊರಟ ತರುಣನು ಅಲ್ಲಿ ಹಿಡಿಯುವ ಬಾಡಿಗೆಯ ಮನೆಯೇ ಅವನು ಸ್ವಂತ ವಿವೇಕದಿಂದ ಆರಿಸಿಕೊಳ್ಳುವ ಮೊದಲನೆಯ ಮನೆ. ಒಂದು ಕೋಣೆ, ಒಂದು ಅಡಿಗೆಮನೆ, ನೀರು ಬರುವ ಹೊತ್ತು, ಕೆಲಸದ ಸ್ಥಳಕ್ಕಿರುವ ದೂರ, ಇವಿಷ್ಟೇ ಇಲ್ಲಿ ವಿಚಾರಿಸತಕ್ಕ ಸಂಗತಿಗಳೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಆಯ್ಕೆ ಎಲ್ಲಿ ಮೊದಲಾಗುವುದೋ ಅಲ್ಲಿಯೇ ಧರ್ಮವಿಚಾರವೂ ಮೊದಲಾಗುತ್ತದೆ ಎಂಬುದನ್ನು ನಾವು ಮರೆಯಬಾರದು.

ಮನೆಯನ್ನೇ ತೊರೆದು ಬಂದ ಸ್ವಾಮಿಗಳಿಗೆ ಬಾಡಿಗೆಯ ಮನೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಕಾರಣವುಂಟು. ಪ್ರತಿ ವರ್ಷವೂ ಮಠದ ಪ್ರಸಾದನಿಲಯದಿಂದ ಓದು ಮುಗಿಸಿದ ತರುಣರು ಹೊರಗಿನ ಲೋಕಕ್ಕೆ ಹೋಗುತ್ತಾರೆ. ಇಲ್ಲಿದ್ದಷ್ಟು ಕಾಲ ಅವರು ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದ್ದಾರೆ. ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದ್ದಾರೆ. ಪಕ್ಕದ ತಟ್ಟೆಯವನ ಹುಟ್ಟನ್ನು ವಿಚಾರಿಸದೆ ಅವನೊಡನೆ ಓದಿದ್ದಾರೆ. ಸಿದ್ಧಗಂಗೆಯ ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907-2019) ಜಾತಿಭೇದವೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದ ತ್ರಿವಿಧ ದಾಸೋಹವು ಲೋಕವಿದಿತವಾಗಿದೆ. ನಾಡಿನ ಇನ್ನೂ ಅನೇಕ ಮಠಗಳು ಅದೇ ಪಥದಲ್ಲಿ ನಡೆದುಬಂದಿವೆ. ಆದರೆ ಪ್ರಸಾದನಿಲಯದ ಸಮಾನತೆಯನ್ನು ಕಾಯುವುದಕ್ಕೆ ಗಂಟೆಯುಂಟು, ನಿಯಮವುಂಟು, ಮೇಲ್ವಿಚಾರಕರ ಕಣ್ಣುಂಟು. ಆ ಪಾಠವು ಬಾಯಿಪಾಠವಾಗಿ ಉಳಿಯಿತೋ, ಮೈಗೂಡಿತೋ ಎಂಬುದು ತಿಳಿಯುವುದು ತರುಣನು ತನ್ನದೆಂಬ ಬಾಗಿಲಿಗೆ ತಾನೇ ಬೀಗ ಹಾಕುವ ದಿನ. ಆದುದರಿಂದ ಈ ವಿಷಯ ಮಠಕ್ಕೆ ಸಂಬಂಧಪಟ್ಟದ್ದೇ ಆಗಿದೆ.

ಮೊದಲು ಲೌಕಿಕದ ಮಾತನ್ನು ನೋಡೋಣ. ಪಂಚಾಚಾರಗಳಲ್ಲಿ ಸದಾಚಾರವೆಂಬುದೊಂದು. ಸತ್ಯಶುದ್ಧವಾದ ದುಡಿಮೆ, ಸತ್ಯಶುದ್ಧವಾದ ವ್ಯವಹಾರ ಇದರ ತಿರುಳು. ಬಾಡಿಗೆಯ ಮನೆಯಲ್ಲಿ ಇದಕ್ಕೆ ದಿನನಿತ್ಯವೂ ಕೆಲಸವುಂಟು. ಬೆಂಗಳೂರಿನಲ್ಲಿ ಬಾಡಿಗೆಯ ಹತ್ತು ಪಟ್ಟು ಹಣವನ್ನು ಮುಂಗಡವಾಗಿ ಕೇಳುವ ವಾಡಿಕೆ ಬಹುಕಾಲದಿಂದ ಬೇರೂರಿದೆ. ದಲ್ಲಾಳಿಯ ಮೂಲಕ ಹೋದರೆ ಒಂದು ತಿಂಗಳ ಬಾಡಿಗೆ ಅವನಿಗೆ ಸಲ್ಲುತ್ತದೆ. ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಮತ್ತೊಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದುಂಟು. ಕೇಂದ್ರ ಸಚಿವ ಸಂಪುಟವು 2021ರ ಜೂನ್ ತಿಂಗಳಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಯ ಮುಂಗಡವು ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಹೇಳಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯವು ಅದನ್ನು ತನ್ನ ಶಾಸನವಾಗಿ ಮಾಡಿಕೊಂಡಲ್ಲಿ ಮಾತ್ರ ಅದಕ್ಕೆ ಬಲ. ಒಂದು ವರ್ಷವನ್ನು ಮೀರಿದ ಅವಧಿಯ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕಾಗುವುದರಿಂದ 11 ತಿಂಗಳ ಕರಾರಿನ ರೂಢಿ ಬೆಳೆದುಬಂದಿದೆ. ತರುಣನು ಆ ಕರಾರುಪತ್ರವನ್ನು ಓದದೆ ಸಹಿ ಹಾಕಬಾರದು. ಸಾಲ ಮಾಡಿ ಮುಂಗಡ ಕೊಟ್ಟು, ಆ ಸಾಲಕ್ಕಾಗಿ ಊರಿನಲ್ಲಿರುವ ತಾಯಿಗೆ ಕಳುಹಿಸುವ ಹಣವನ್ನು ನಿಲ್ಲಿಸಬಾರದು.

ವಂಚನೆ ಒಂದೇ ಕಡೆಯಿಂದ ಆಗುವುದೆಂದು ತಿಳಿಯಬೇಕಾಗಿಲ್ಲ. ಇಬ್ಬರು ಇರುವೆವೆಂದು ಹೇಳಿ ಐವರು ಸೇರುವುದು, ಭತ್ಯೆಗಾಗಿ ಕೊಡದ ಬಾಡಿಗೆಗೆ ರಸೀದಿ ಬರೆಸಿಕೊಳ್ಳುವುದು, ಗೋಡೆಗೆ ಮೊಳೆ ಹೊಡೆದು ಕೆಡಿಸಿ ಸುಮ್ಮನೆ ಹೋಗುವುದು, ಇವೆಲ್ಲವೂ ವಿದ್ಯಾವಂತರೇ ಮಾಡುವ ಕೆಲಸಗಳು. ಗುತ್ತಿಗೆಗೆ ಹಿಡಿದ ಸ್ವತ್ತನ್ನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕೆಂದೂ, ನ್ಯಾಯವಾದ ಬಳಕೆಯಿಂದ ಸವೆದದ್ದಕ್ಕೆ ವಿನಾಯಿತಿಯೆಂದೂ 1882ರ ಸ್ವತ್ತು ವರ್ಗಾವಣೆ ಕಾಯಿದೆ ವಿಧಿಸುತ್ತದೆ. ಕಾನೂನಿನ ಈ ಮಾತಿನಲ್ಲಿ ಧರ್ಮದ ಮಾತೂ ಅಡಗಿದೆ. ಆದುದರಿಂದ ಮನೆಯ ಯಜಮಾನನು ಬಾಡಿಗೆಗೆ ಬಂದವನನ್ನು ಕೆಲವು ಪ್ರಶ್ನೆಗಳನ್ನು ಕೇಳಿದರೆ ಅದರಲ್ಲಿ ತಪ್ಪಿಲ್ಲ. ಎಲ್ಲಿ ಕೆಲಸ? ತಿಂಗಳಿನ ಯಾವ ತಾರೀಖಿಗೆ ಬಾಡಿಗೆ ಕೊಡುವಿರಿ? ಎಷ್ಟು ಜನ ಇರುವಿರಿ? ರಾತ್ರಿ ಎಷ್ಟು ಹೊತ್ತಿಗೆ ಬರುವಿರಿ? ಇವೆಲ್ಲ ನಡತೆಯನ್ನು ಕುರಿತ ಪ್ರಶ್ನೆಗಳು. ನಡತೆ ಮನುಷ್ಯನ ಕೈಯಲ್ಲಿರುವ ವಸ್ತುವಾದುದರಿಂದ ಅದಕ್ಕೆ ಅವನು ಉತ್ತರ ಕೊಡಬಲ್ಲ, ಕೊಡಲೂಬೇಕು.

ಆದರೆ ಪ್ರಶ್ನೆಗಳು ಇಲ್ಲಿಗೆ ನಿಲ್ಲುವುದಿಲ್ಲ. 'ನೀವು ಯಾವ ಜನ?' ಎಂಬ ಮಾತು ಬಂದೇ ಬರುತ್ತದೆ. ನೇರವಾಗಿ ಕೇಳಲು ಸಂಕೋಚವಾದರೆ 'ನಿಮ್ಮ ಊಟ ಹೇಗೆ?' ಎಂದೋ, 'ಮನೆದೇವರು ಯಾರು?' ಎಂದೋ, 'ಪೂರ್ಣ ಹೆಸರೇನು?' ಎಂದೋ ಸುತ್ತುಬಳಸಿ ಕೇಳುತ್ತಾರೆ. ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಮನುಷ್ಯನು ತನ್ನ ಜೀವನದಲ್ಲಿ ಮೊದಲ ಬಾರಿಗೆ ಒಂದು ಮನೆಯನ್ನು ತಾನಾಗಿ ಆರಿಸಲು ಬಂದು ನಿಂತಿದ್ದಾನೆ. ಆ ಹೊಸ್ತಿಲಿನಲ್ಲಿಯೇ ಅವನು ಆರಿಸಿಕೊಳ್ಳದೆ ಇದ್ದ ಏಕಮಾತ್ರ ಸಂಗತಿಯನ್ನು, ಎಂದರೆ ಅವನ ಹುಟ್ಟನ್ನು, ಕೇಳಲಾಗುತ್ತದೆ. ಅವನ ಓದು, ದುಡಿಮೆ, ನಡೆನುಡಿಗಳೆಲ್ಲ ಬದಿಗೆ ಸರಿದು, ಅವನಿಗೆ ಸಂಬಂಧವೇ ಇಲ್ಲದ ಒಂದು ಆಕಸ್ಮಿಕವು ಬೀಗದ ಕೈಯನ್ನು ನಿರ್ಧರಿಸುತ್ತದೆ.

ನಮ್ಮ ತರುಣರಿಗೆ ಈ ಪ್ರಶ್ನೆ ಅಷ್ಟಾಗಿ ನೋಯಿಸುವುದಿಲ್ಲ. ಹಣೆಯ ಮೇಲಿನ ವಿಭೂತಿಯನ್ನೋ ಕೊರಳಿನ ಶಿವದಾರವನ್ನೋ ಕಂಡೊಡನೆ ಅನೇಕ ಯಜಮಾನರ ಮುಖ ಅರಳುತ್ತದೆ. 'ಲಿಂಗಾಯತರೇ? ಬನ್ನಿ, ಒಳಗೆ ನೋಡಿ' ಎಂಬ ಉತ್ತರ ಬರುತ್ತದೆ. ಅದೇ ಪ್ರಸಾದನಿಲಯದಲ್ಲಿ ಅವನ ಪಕ್ಕದ ಚಾಪೆಯಲ್ಲಿ ಮಲಗಿದ್ದ, ಅವನಿಗಿಂತ ಹೆಚ್ಚು ಅಂಕ ಪಡೆದ ಗೆಳೆಯನಿಗೆ ಅದೇ ಬೀದಿಯಲ್ಲಿ 'ಮನೆ ನಿನ್ನೆಯೇ ಗೊತ್ತಾಯಿತು' ಎಂಬ ಉತ್ತರ ದೊರೆಯುತ್ತದೆ. ಆಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾವು ಕೇಳಿ ಪಡೆಯದ, ಆದರೆ ನಮಗೆ ಅನುಕೂಲವಾಗಿ ಒದಗಿದ ಈ ಪಕ್ಷಪಾತವನ್ನು ಸ್ವೀಕರಿಸುವುದರಲ್ಲಿ ದೋಷವುಂಟೆ?

ತತ್ತ್ವದೃಷ್ಟಿಯಿಂದ ನೋಡೋಣ. ವೀರಶೈವ ಸಿದ್ಧಾಂತದಲ್ಲಿ ದೀಕ್ಷೆ ಪಡೆದವನಿಗೆ ಪೂರ್ವಾಶ್ರಯವಿಲ್ಲ. ಜಾತಿಸೂತಕವು ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ಒಂದು. ಅಂಗದ ಮೇಲೆ ಲಿಂಗ ಬಂದಿತೆಂದರೆ ಹುಟ್ಟಿನ ಲೆಕ್ಕ ಮುಗಿಯಿತೆಂದು ಅರ್ಥ. ಬಂದವನನ್ನು ಯಾರವನೆಂದು ವಿಚಾರಿಸದೆ ನಮ್ಮವನೆಂದೇ ತಿಳಿಯಬೇಕೆಂದು ಬೋಧಿಸುವ ಬಸವಣ್ಣನವರ ವಚನವು ನಮ್ಮ ಮಕ್ಕಳಿಗೆಲ್ಲ ಕಂಠಸ್ಥವಾಗಿರುವುದರಿಂದ ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಕಲ್ಯಾಣದಲ್ಲಿದ್ದ ಅವರ ನಿವಾಸಕ್ಕೆ ಮಹಾಮನೆಯೆಂದು ಹೆಸರು. ಆ ಮನೆಯನ್ನು ಮಹತ್ತಾಗಿ ಮಾಡಿದ್ದು ಅದರ ಕಂಬ ತೊಲೆಗಳಲ್ಲ. ಅದರ ಬಾಗಿಲಿನಲ್ಲಿ ಹುಟ್ಟನ್ನು ಕೇಳುತ್ತಿರಲಿಲ್ಲ ಎಂಬುದೇ ಅದರ ಮಹತ್ತು. ಹೀಗಿರುವಾಗ ಜಾತಿಯನ್ನು ಅಳಿಸುವುದಕ್ಕಾಗಿ ಬಂದ ಇಷ್ಟಲಿಂಗವನ್ನು, ಬಾಡಿಗೆಯ ಮನೆ ದೊರಕಿಸುವ ಜಾತಿಯ ಪ್ರಮಾಣಪತ್ರವಾಗಿ ಬಳಸುವುದು ತತ್ತ್ವವನ್ನು ತಲೆಕೆಳಗು ಮಾಡಿದಂತಲ್ಲವೆ? ಇದು ಅಲ್ಲಿಗೂ ನಿಲ್ಲುವುದಿಲ್ಲ. ಲಿಂಗಾಯತನೆಂದು ಹೇಳಿದ ಮೇಲೆ 'ಅದರಲ್ಲಿ ಯಾವ ಪಂಗಡ?' ಎಂಬ ಎರಡನೆಯ ಪ್ರಶ್ನೆ ಸಿದ್ಧವಾಗಿರುತ್ತದೆ. ಮೊದಲ ಪ್ರಶ್ನೆಗೆ ಹಿಗ್ಗಿದವನು ಎರಡನೆಯದಕ್ಕೆ ಕುಗ್ಗಬೇಕಾದೀತು.

ಬಾಗಿಲಿನ ಈ ಪ್ರಶ್ನೆ ಒಬ್ಬ ತರುಣನನ್ನು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಒಂದು ಚಾರಿತ್ರಿಕ ನಿದರ್ಶನವಿದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿಯೂ ಲಂಡನ್ನಿನಲ್ಲಿಯೂ ವ್ಯಾಸಂಗ ಮಾಡಿ ಬಂದ ಡಾ. ಬಿ. ಆರ್. ಅಂಬೇಡ್ಕರ್ ಅವರು 1917ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಸೇರಲು ಹೋದರು. ಆಗ ಅವರ ವಯಸ್ಸು 26. ಸಂಸ್ಥಾನದ ಅಧಿಕಾರಿಯಾಗತಕ್ಕ ಆ ವಿದ್ವಾಂಸರಿಗೆ ಆ ಊರಿನಲ್ಲಿ ತಲೆ ಮರೆಸಿಕೊಳ್ಳುವಷ್ಟು ಜಾಗ ದೊರೆಯಲಿಲ್ಲ. ಕೊನೆಗೆ ಪಾರ್ಸಿಗಳ ಒಂದು ವಸತಿಗೃಹದಲ್ಲಿ, ಪಾರ್ಸಿ ಹೆಸರೊಂದನ್ನು ಇಟ್ಟುಕೊಂಡು ತಂಗಿದರು. ಹನ್ನೊಂದನೆಯ ದಿನ ಹನ್ನೆರಡು ಜನ ದೊಣ್ಣೆ ಹಿಡಿದು ಬಂದು, ಸಂಜೆಯೊಳಗೆ ಖಾಲಿ ಮಾಡಬೇಕೆಂದು ಬೆದರಿಸಿದರು. ಅವರು ಆಶ್ರಯ ಕೇಳಿದ ಹಿಂದೂ ಗೆಳೆಯನಾಗಲಿ ಕ್ರೈಸ್ತ ಗೆಳೆಯನಾಗಲಿ ತಮ್ಮ ಮನೆಯ ಬಾಗಿಲು ತೆರೆಯಲಿಲ್ಲ. ಸಾರ್ವಜನಿಕ ಉದ್ಯಾನವೊಂದರಲ್ಲಿ ಹೊತ್ತು ಕಳೆದು, ರಾತ್ರಿಯ ರೈಲಿನಲ್ಲಿ ಅವರು ಮುಂಬಯಿಗೆ ಹಿಂದಿರುಗಿದರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ತಮ್ಮ ಆತ್ಮಕಥನಾತ್ಮಕ ಬರಹದಲ್ಲಿ ಅವರೇ ಇದನ್ನು ವಿವರಿಸಿದ್ದಾರೆ. ಯಾವುದೋ ಒಂದು ಮತದವರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಮೂರು ಮತಗಳವರ ಬಾಗಿಲು ಒಂದೇ ಪ್ರಶ್ನೆಗೆ ಮುಚ್ಚಿದವು ಎಂಬುದು ಗಮನಿಸತಕ್ಕ ವಿಷಯ. ದೊಣ್ಣೆ ಹಿಡಿದವರಿಗಿಂತ ನೆಪ ಹೇಳಿದ ಗೆಳೆಯರ ನಡೆಯೇ ನಮ್ಮನ್ನು ಹೆಚ್ಚು ಚಿಂತಿಸುವಂತೆ ಮಾಡಬೇಕು. ಏಕೆಂದರೆ ನಮ್ಮಲ್ಲಿ ಬಹುಮಂದಿ ದೊಣ್ಣೆ ಹಿಡಿಯುವವರಲ್ಲ, ನೆಪ ಹೇಳುವವರು.

ಹೆಸರನ್ನು ಮರೆಮಾಚಿದ್ದು ಅಸತ್ಯವಲ್ಲವೆ ಎಂದು ತರ್ಕಿಸುವವರುಂಟು. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1797ರ ಒಂದು ಪ್ರಬಂಧದಲ್ಲಿ, ಕೊಲೆಗಾರನು ಬಂದು ನಮ್ಮ ಮನೆಯಲ್ಲಿ ಅಡಗಿದ ಗೆಳೆಯನನ್ನು ಕುರಿತು ಕೇಳಿದರೂ ಸುಳ್ಳು ಹೇಳುವ ಹಕ್ಕು ನಮಗಿಲ್ಲವೆಂದು ವಾದಿಸಿದನು. ಸತ್ಯದ ಮೇಲಿನ ಆತನ ನಿಷ್ಠೆ ದೊಡ್ಡದು. ನಮ್ಮ ಶರಣರೂ ಹುಸಿಯನ್ನು ಒಪ್ಪಿದವರಲ್ಲ. ಆದರೆ ಸತ್ಯವನ್ನು ತೂಗುವಾಗ ಉತ್ತರವನ್ನು ಮಾತ್ರ ತಕ್ಕಡಿಗೆ ಹಾಕಿ ಪ್ರಶ್ನೆಯನ್ನು ಹೊರಗಿಡುವುದು ನ್ಯಾಯವಲ್ಲ. ಹುಟ್ಟನ್ನು ಕೇಳಿ ಆಶ್ರಯ ನಿರಾಕರಿಸುವವನು ಕೇಳಬಾರದ್ದನ್ನು ಕೇಳುತ್ತಿದ್ದಾನೆ. ಅಂಜಿಕೆಯಿಂದ ಬಂದ ಸುಳ್ಳಿನಲ್ಲಿ ಅವನಿಗೇ ಹೆಚ್ಚಿನ ಪಾಲು. ಸೂರಿಲ್ಲದವನಿಗೆ ಸತ್ಯದ ಉಪದೇಶ ಮಾಡುವುದಕ್ಕಿಂತ, ಸುಳ್ಳು ಹೇಳಬೇಕಾದ ಸನ್ನಿವೇಶವನ್ನೇ ತಪ್ಪಿಸುವುದು ಸತ್ಯಕ್ಕೆ ಸಲ್ಲಿಸುವ ದೊಡ್ಡ ಸೇವೆ.

ಈ ಪತ್ರಿಕೆಯ ಓದುಗರಲ್ಲಿ ಬಾಡಿಗೆಗೆ ಹೋಗುವವರಂತೆಯೇ ಬಾಡಿಗೆಗೆ ಕೊಡುವ ಭಕ್ತಮಹಾಶಯರೂ ಇದ್ದಾರೆ. ಅವರ ಪಕ್ಷವನ್ನೂ ಕೇಳಬೇಕು. 'ಬುದ್ಧಿ, ಜೀವಮಾನದ ದುಡಿಮೆಯಿಂದ ಕಟ್ಟಿಸಿದ ಮನೆ. ಮಹಡಿಯ ಮೇಲೆ ನಾವೇ ಇದ್ದೇವೆ. ಕೆಳಗೆ ಮಾಂಸದ ಅಡಿಗೆಯಾದರೆ ನಮಗೆ ಆಗುವುದಿಲ್ಲ. ಇಷ್ಟನ್ನು ಹೇಳಲೂ ನಮಗೆ ಸ್ವಾತಂತ್ರ್ಯವಿಲ್ಲವೆ?' ಎಂದು ಅವರು ಕೇಳುತ್ತಾರೆ. ಸ್ವಾತಂತ್ರ್ಯವುಂಟು. ಅಡಿಗೆಯೂ ನಡತೆಯೇ, ಅದನ್ನು ಕುರಿತು ಷರತ್ತು ಹೇಳುವುದು ತಪ್ಪಾಗಲಾರದು. ಆದರೆ ಅದು ಅಡಿಗೆಯನ್ನು ಕುರಿತ ಷರತ್ತೇ ಆಗಿರಬೇಕು. ಜಾತಿಗೆ ಹಾಕಿದ ತೆರೆಯಾಗಿರಬಾರದು. ಇದನ್ನು ಪರೀಕ್ಷಿಸಿಕೊಳ್ಳುವುದು ಸುಲಭ. ನೀವು ಯಾವ ಜಾತಿಯನ್ನು ಬೇಡವೆನ್ನುತ್ತಿದ್ದೀರೋ ಆ ಜಾತಿಯ ತರುಣನೊಬ್ಬನು ಬಂದು, 'ನಾನು ಈ ಮನೆಯಲ್ಲಿ ಸಸ್ಯಾಹಾರವನ್ನಲ್ಲದೆ ಬೇರೇನನ್ನೂ ಬೇಯಿಸುವುದಿಲ್ಲ' ಎಂದು ಮಾತು ಕೊಟ್ಟರೆ ಬೀಗದ ಕೈ ಕೊಡುತ್ತೀರಾ? ಕೊಡುವಿರಾದರೆ ನಿಮ್ಮ ಷರತ್ತು ಪ್ರಾಮಾಣಿಕವಾದುದು. ಆಗಲೂ ಕೊಡಲಾರಿರಾದರೆ ನಿಮ್ಮ ಪ್ರಶ್ನೆ ಅಡಿಗೆಯನ್ನು ಕುರಿತದ್ದಾಗಿರಲಿಲ್ಲ. ಒಬ್ಬಂಟಿಯಾಗಿ ದುಡಿಯುವ ಹೆಣ್ಣುಮಗಳಿಗೂ ಬೇರೆ ಮತದ ಕುಟುಂಬಕ್ಕೂ ಈ ಪರೀಕ್ಷೆಯನ್ನೇ ಅನ್ವಯಿಸಿ ನೋಡಬಹುದು. ಅವರಿಂದ ಏನಾದೀತೆಂಬ ಊಹೆಯನ್ನು ಬಿಟ್ಟು, ಅವರು ಹೇಗೆ ನಡೆಯುತ್ತಾರೆಂಬುದನ್ನು ಕೇಳುವುದು ಶಿವಾಚಾರಕ್ಕೆ ಒಪ್ಪುವ ರೀತಿ.

ಕಾನೂನು ಏನು ಹೇಳುತ್ತದೆ? ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ವಿಷಯದಲ್ಲಿ ಯಾರನ್ನೂ ಜಾತಿ ಮತಗಳ ಕಾರಣದಿಂದ ತಡೆಯಬಾರದೆಂದು ಹೆಸರಿಸಿ ಹೇಳಿದೆ. ಖಾಸಗಿ ಮನೆಯ ಬಾಡಿಗೆ ಆ ಪಟ್ಟಿಯಲ್ಲಿಲ್ಲ. 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ನಿಷೇಧಿಸಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯು ಅಸ್ಪೃಶ್ಯತೆಯ ಕಾರಣದಿಂದ ಒಬ್ಬನನ್ನು ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟದಂತೆ, ಕೊಳ್ಳದಂತೆ, ವಾಸಿಸದಂತೆ ತಡೆಯುವುದನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿದೆ. ಆದರೆ 'ಮನೆ ನಿನ್ನೆಯೇ ಗೊತ್ತಾಯಿತು' ಎಂಬ ಮೃದುವಾದ ಮಾತಿನ ಹಿಂದೆ ಏನಿದೆಯೆಂದು ಯಾವ ನ್ಯಾಯಾಲಯ ಹೊಕ್ಕು ನೋಡೀತು? ಕಾನೂನಿನ ಕೈ ಬೀದಿಯವರೆಗೆ ಬರುತ್ತದೆ. ಹೊಸ್ತಿಲಿನ ಮೇಲೆ ನಿಂತವನ ಮನಸ್ಸನ್ನು ಅವನ ಆಚಾರವೇ ತಿದ್ದಬೇಕು.

ಹಾಗಾದರೆ ನಮ್ಮ ತರುಣನು ಮಾಡಬೇಕಾದುದೇನು? ಸೋಮವಾರ ಕೆಲಸಕ್ಕೆ ಸೇರಬೇಕಾಗಿದೆ, ಪರಸ್ಥಳ, ಸಿಕ್ಕಿದ ಮನೆಯನ್ನು ಬಿಟ್ಟರೆ ಬೇರೊಬ್ಬನು ಹಿಡಿಯುತ್ತಾನೆ, ಇವನೊಬ್ಬನು ಬೀದಿಯಲ್ಲಿ ಮಲಗಿದ ಮಾತ್ರಕ್ಕೆ ಲೋಕ ತಿದ್ದೀತೆ? ಈ ಮಾತಿನಲ್ಲಿ ಹುರುಳಿದೆ. ಸೂರನ್ನು ಬಿಟ್ಟು ವ್ರತ ಹಿಡಿಯೆಂದು ನಾವು ಯಾರಿಗೂ ಹೇಳುವುದಿಲ್ಲ. ಆದರೆ ಕೈಲಾಗುವ ಕೆಲಸಗಳು ಮೂರುಂಟು. ಮೊದಲನೆಯದು, ಕೇಳುವುದಕ್ಕೆ ಮುಂಚೆಯೇ ಜಾತಿಯನ್ನು ತಾನಾಗಿ ಮುಂದೊಡ್ಡದಿರುವುದು. 'ನಾನು ಇಂಥ ಕಡೆ ಕೆಲಸ ಮಾಡುತ್ತೇನೆ, ಐದನೆಯ ತಾರೀಖಿಗೆ ಬಾಡಿಗೆ ಕೊಡುತ್ತೇನೆ, ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುತ್ತೇನೆ' ಎಂದು ನಡತೆಯಿಂದಲೇ ಪರಿಚಯ ಹೇಳಿಕೊಳ್ಳಲಿ. ವಿಭೂತಿ ಲಿಂಗಪೂಜೆಯ ನಿಷ್ಠೆಗಾಗಿ ಇರಲಿ; ಮನೆ ನೋಡಲು ಹೋಗುವ ದಿನ ಮಾತ್ರ ಅದು ದಪ್ಪವಾಗುವುದು ಬೇಡ. ಎರಡನೆಯದು, ನೇರವಾಗಿ ಕೇಳಿದಾಗ ಸುಳ್ಳು ಹೇಳದೆ, ಆದರೆ ಅಲ್ಲಿಗೇ ನಿಲ್ಲಿಸದೆ, 'ಅಯ್ಯಾ, ಅದಕ್ಕಿಂತ ನನ್ನ ನಡತೆಯನ್ನು ವಿಚಾರಿಸಿದರೆ ನಿಮಗೇ ಒಳ್ಳೆಯದು' ಎಂದು ವಿನಯದಿಂದ ಹೇಳುವುದು. ಉತ್ತರ ಹೇಳಿದರೆ ಯಾರಿಗೆ ನಷ್ಟವಿಲ್ಲವೋ ಆ ಪ್ರಶ್ನೆಯನ್ನು ಪ್ರಶ್ನಿಸುವ ಹೊಣೆಯೂ ಅವನ ಮೇಲೆಯೇ ಇದೆ. ನಷ್ಟಕ್ಕೆ ಒಳಗಾಗುವವನು ಕೇಳಿದರೆ ಜಗಳವೆನ್ನುತ್ತಾರೆ. ಇವನು ಕೇಳಿದರೆ ಯೋಚಿಸುತ್ತಾರೆ. ಮೂರನೆಯದು ಕಠಿನವಾದುದು. ಗೆಳೆಯನೊಡನೆ ಮನೆ ಹುಡುಕಲು ಹೋಗಿ, ಅವನಿಗೆ ಇಲ್ಲವೆಂದ ಬಾಗಿಲು ತನಗೆ ಮಾತ್ರ ತೆರೆದರೆ, ಆ ಬಾಗಿಲನ್ನು ಹೊಗದಿರುವುದು. ಏಕೆ ಹೊಗುವುದಿಲ್ಲವೆಂಬುದನ್ನು ಯಜಮಾನನಿಗೆ ಮೆಲ್ಲಗೆ ತಿಳಿಸಿ ಬರುವುದು. ಇದರಿಂದ ಹೆಚ್ಚೆಂದರೆ ನಾಲ್ಕು ದಿನದ ಅಲೆದಾಟ ಹೆಚ್ಚಾದೀತು. ಅನ್ಯಾಯವನ್ನು ಕಂಡು ಸುಮ್ಮನಿರದಿರುವುದೇ ಗಣಾಚಾರ. ಅದಕ್ಕೆ ಖಡ್ಗ ಬೇಕಾಗಿಲ್ಲ. ಕೆಲವೊಮ್ಮೆ ಒಂದು ಬೀಗದ ಕೈಯನ್ನು ಹಿಂದಕ್ಕೆ ಕೊಟ್ಟರೆ ಸಾಕು.

ಇಲ್ಲಿ ಮಠದ ಕರ್ತವ್ಯವನ್ನೂ ಹೇಳಬೇಕು. ಹಳೆಯ ವಿದ್ಯಾರ್ಥಿಗಳು ನಗರದ ಭಕ್ತರಿಗೆ ಒಂದು ಪತ್ರ ಬರೆದುಕೊಡಬೇಕೆಂದು ನಮ್ಮನ್ನು ಕೇಳುವುದುಂಟು. 'ಇವನು ನಮ್ಮವನು ಎಂದು ಒಂದು ಮಾತು ಬರೆದರೆ ಸಾಕು, ಮನೆ ಸಿಗುತ್ತದೆ, ಬುದ್ಧಿ' ಎನ್ನುತ್ತಾರೆ. ಅಂತಹ ಪತ್ರ ಬರೆಯುವುದು ಯೋಗ್ಯವೇ. ಆದರೆ ಅದರಲ್ಲಿ 'ನಮ್ಮವನು' ಎಂಬ ಮಾತಿಗೆ ಯಾವ ಅರ್ಥವೆಂಬುದು ಸ್ಪಷ್ಟವಾಗಿರಬೇಕು. ಇಷ್ಟು ವರ್ಷ ಪ್ರಸಾದನಿಲಯದಲ್ಲಿದ್ದನು, ಸಕಾಲಕ್ಕೆ ಎದ್ದನು, ಹೇಳಿದ ಕೆಲಸ ಮಾಡಿದನು, ಪರರ ವಸ್ತುವನ್ನು ಮುಟ್ಟಲಿಲ್ಲ ಎಂಬುದು ಮಠ ಕಣ್ಣಾರೆ ಕಂಡ ಸಂಗತಿ. ಅದಕ್ಕೆ ಮಠ ಸಾಕ್ಷಿ ಹೇಳಬಲ್ಲದು. ಅವನ ಹುಟ್ಟಿಗೆ ಮಠ ಸಾಕ್ಷಿಯಲ್ಲ. ಆದುದರಿಂದ ಮಠದಿಂದ ಹೋಗುವ ಪತ್ರದಲ್ಲಿ ನಡತೆಯಿರಬೇಕು, ಜಾತಿಯಿರಬಾರದು. ಲಿಂಗವಂತರ ಮಗನಿಗೂ, ಪಕ್ಕದ ಚಾಪೆಯವನಿಗೂ ಒಂದೇ ಒಕ್ಕಣೆ ಇರಬೇಕು. ಅಂತಹ ಪತ್ರವನ್ನು ತಂದ ಇಬ್ಬರಲ್ಲಿ ಒಬ್ಬನಿಗೆ ಮನೆ ಕೊಟ್ಟು ಇನ್ನೊಬ್ಬನಿಗೆ ಇಲ್ಲವೆನ್ನುವ ಭಕ್ತರು ಮಠದ ಮಾತಿನಲ್ಲಿ ಅರ್ಧವನ್ನು ಮಾತ್ರ ನಂಬಿದಂತಾಗುತ್ತದೆ.

ಇನ್ನು ಮನೆ ದೊರೆತ ಮೇಲಿನ ಮಾತು. ದಿಕ್ಕು ಸರಿಯಿಲ್ಲ, ಮೂಲೆ ಸರಿಯಿಲ್ಲ, ದೇವರ ಕೋಣೆಯಿಲ್ಲ ಎಂದು ನಮ್ಮ ತರುಣರು ಒಳ್ಳೆಯ ಮನೆಗಳನ್ನು ಬಿಡುವುದನ್ನು ಕೇಳಿದ್ದೇವೆ. ಗಾಳಿ ಬೆಳಕುಗಳನ್ನು ನೋಡುವುದು ವಿವೇಕ. ಆದರೆ ದೇವರನ್ನು ಎದೆಯ ಮೇಲೆಯೇ ಧರಿಸಿದವನಿಗೆ ದೇವರ ಕೋಣೆಯ ಕೊರತೆ ಎಲ್ಲಿಯದು? ಅವನು ಅಂಗೈಯಲ್ಲಿ ಲಿಂಗವಿರಿಸಿ ಕುಳಿತ ಸ್ಥಳವೇ ಪೂಜಾಗೃಹ. ಇದು ಬಾಡಿಗೆಯವನಿಗೆಂದೇ ಹೇಳಿಸಿದಂತಿರುವ ಧರ್ಮ: ಹನ್ನೊಂದು ತಿಂಗಳಿಗೆ ಮನೆ ಬದಲಾದರೂ ದೇವಾಲಯ ಬದಲಾಗುವುದಿಲ್ಲ.

ಹೊಸ ಮನೆಗೆ ಹೋದ ದಿನ ಹಾಲುಕ್ಕಿಸುವ ಸಂಪ್ರದಾಯವನ್ನು ಬಾಡಿಗೆಯವರೂ ಪಾಲಿಸುತ್ತಾರೆ. ಒಲೆಯ ಮೇಲೆ ಹಾಲು ಉಕ್ಕುವುದು ಸಮೃದ್ಧಿಯ ಸಂಕೇತವೆಂದು ಹೇಳುತ್ತಾರೆ. ಪಾತ್ರೆಯ ಅಂಚನ್ನು ಮೀರಿ ಹೊರಗೆ ಹರಿದರೆ ಮಾತ್ರ ಅದು ಉಕ್ಕಿದಂತೆ. ಒಳಗೇ ಉಳಿದರೆ ಕಾಯ್ದ ಹಾಲು, ಅಷ್ಟೆ. ಆ ಹಾಲನ್ನು ಕುಡಿಯುವುದಕ್ಕೆ ಯಾರು ಬರುತ್ತಾರೆಂಬುದರ ಮೇಲೆ ಆ ಮನೆಯ ಸ್ವಭಾವ ನಿರ್ಧಾರವಾಗುತ್ತದೆ. ಸಾಮಾನು ಹೊತ್ತು ತಂದ ಆಳು, ಮೇಲಿನ ಮಹಡಿಯ ಯಜಮಾನ, ಎದುರು ಮನೆಯ ಬೇರೆ ಮತದವರು, ಇನ್ನೂ ಮನೆ ಸಿಗದೆ ಅಲೆಯುತ್ತಿರುವ ಗೆಳೆಯ, ಇವರೆಲ್ಲ ಒಂದೇ ಚಾಪೆಯ ಮೇಲೆ ಕುಳಿತು ಕುಡಿದರೆ ಆ ಒಂದು ಕೋಣೆಯಲ್ಲಿ ದಾಸೋಹ ನಡೆದಂತೆಯೇ. ಆ ಗೆಳೆಯನಿಗೆ ಮನೆ ದೊರೆಯುವವರೆಗೆ ಇನ್ನೊಂದು ಚಾಪೆ ಹಾಸಲು ಜಾಗವಿದ್ದರೆ, ಯಜಮಾನನಿಗೆ ಹೇಳಿ, ಅದನ್ನೂ ಹಾಸಲಿ.

ಸ್ವಂತ ಮನೆ ಕಟ್ಟುವ ಯೋಗ ಎಲ್ಲರಿಗೂ ಬರುತ್ತದೆಂದು ಹೇಳಲಾಗದು. ಬಂದವರು ಒಂದು ದಿನ ತಮ್ಮ ಮನೆಯ ಮುಂದೆ 'ಮನೆ ಬಾಡಿಗೆಗೆ ಇದೆ' ಎಂಬ ಫಲಕವನ್ನು ತೂಗುಹಾಕುತ್ತಾರೆ. ಹಳ್ಳಿಯಿಂದ ಬಂದ ಹುಡುಗನೊಬ್ಬನು ಅಳುಕುತ್ತ ಬಂದು ಬಾಗಿಲು ತಟ್ಟುತ್ತಾನೆ. ಮಠದ ಮಕ್ಕಳು ಆಗ ಅವನನ್ನು ಕೇಳುವ ಮೊದಲ ಪ್ರಶ್ನೆ 'ಊಟವಾಯಿತೇನಪ್ಪಾ?' ಎಂಬುದಾಗಿರಲಿ. ಎಲ್ಲರಿಗೂ ಶಿವನು ಸನ್ಮಂಗಳವನ್ನುಂಟುಮಾಡಲಿ.